ಮಾತಾಡದ ಬಿಲ್ಲು

ಕಾವು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಆಂಡರ್ಸನ್‌ಪೇಟೆಯಲ್ಲಿ ಇಲ್ಲ. ಜಂಬ ಅನ್ನುವವರು ಅನ್ನಲಿ. ಗುದ್ದಲಿಯೋ, ಕೊಡಲಿಯೋ, ಪಿಕಾಸಿಯೋ, ಅದರ ಕಬ್ಬಿಣದ ತಲೆಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದರೆ ಸಾಕು, ಎಷ್ಟು ಉದ್ದದ, ಎಷ್ಟು ದಪ್ಪದ ಕಾವು ಬೇಕು ಅಂತ ನನಗೆ ಗೊತ್ತಾಗಿಬಿಡುತ್ತದೆ. ಬಂಗಾರಪೇಟೆ ಪಕ್ಕದ ನಮ್ಮ ಊರಿನಿಂದ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಹೋಗಿ ಅಂಗಡಿಯ ಬಾಗಿಲು ತೆಗೆದರೆ, ಸಂಜೆಯವರೆಗೂ ಬಾಚಿ ನನ್ನ ಕೈಯಲ್ಲೇ ಇರುತ್ತದೆ. ಹೊಸಬರು ಬಂದು, "ಮನೆಯವ್ರು ಇಲ್ವಾಮ್ಮ?" ಅಂತ ಕೇಳುತ್ತಾರೆ. ಮನೆಯವರು ಡೈರಿಯ ಹಾಲಿನ ವ್ಯಾನು ಓಡಿಸುತ್ತಾರೆ. "ಅವ್ರು ಬಂದ್ರೆ ಕಾವಲ್ಲ, ಗಾಯ ಮಾಡ್ಕೊಡ್ತಾರೆ. ಏನ್ ಬೇಕೋ ನಂಗೇ ಏಳಿ," ಅನ್ನುತ್ತೇನೆ.

ಆದರೆ ಕಾವು ಬೇರೆ, ಬಿಲ್ಲು ಬೇರೆ. ಅದು ನನಗೆ ತಿಳಿದದ್ದು ಒಂದು ಬಿಲ್ಲು ಮುರಿದ ಮೇಲೆ.

ನಮ್ಮ ಮನೆಗೆ ಊರಲ್ಲಿ ಬಿಲ್ಲಿನ ಮನೆ ಅಂತಲೇ ಹೆಸರು. ವಿಜಯದಶಮಿಯ ದಿನ ದೇವರನ್ನು ಬನ್ನಿಮರದ ಹತ್ತಿರ ತರುತ್ತಾರೆ. ಅಲ್ಲಿ ಒಂದು ಬಾಳೆದಿಂಡು ನೆಟ್ಟಿರುತ್ತಾರೆ. ದೇವರ ಪರವಾಗಿ ಪೂಜಾರಿ ಆ ದಿಂಡಿಗೆ ಅಂಬು ಹೊಡೆಯಬೇಕು. ಆ ಬಿಲ್ಲು ನಮ್ಮ ಮನೆಯದು. ಅಂಬು ಹೊಡೆದಾದ ಮೇಲೆ ಊರ ಗೌಡರು ಬಿಲ್ಲಿನ ಮೇಲೆ ವೀಳ್ಯದೆಲೆ ಅಡಿಕೆ ಇಟ್ಟು ನಮ್ಮ ಮನೆಯ ಗಂಡಸಿನ ಕೈಗೆ ಕೊಡುತ್ತಾರೆ. ಮುಂದಿನ ವರ್ಷದವರೆಗೆ ಅದನ್ನು ಕಾಯುವುದು ಅವನ ಪಾಲು. ಬಿಲ್ಲು ಮಾಡಿದವನು ನನ್ನ ತಾತ. ಅದನ್ನು ಬದುಕೆಲ್ಲ ಕಾದವನು ಅಪ್ಪ.

ಅಪ್ಪ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. ಉರಿಗಾಂ ಕಡೆಯ ಶಾಫ್ಟಿನಲ್ಲಿ ಇಳಿದು, ಸುರಂಗದ ಮೇಲಿನ ಬಂಡೆ ಬೀಳದ ಹಾಗೆ ಮರದ ಕಂಬಗಳನ್ನು ಆನಿಸಿ ನಿಲ್ಲಿಸುವುದು ಅವನ ಕೆಲಸ. ಗಣಿ ಮುಚ್ಚಿದಾಗ ಬಾಚಿಯನ್ನೂ ಕೆಟ್ಟುಹೋದ ಕಿವಿಗಳನ್ನೂ ತೆಗೆದುಕೊಂಡು ಮೇಲೆ ಬಂದು ಕಾವಿನ ಅಂಗಡಿ ಇಟ್ಟ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯ ಹತ್ತಿರ ಬಾಗಿ ಕೂಗಿದರೆ ಕೇಳಿಸುತ್ತದೆ. ನನಗೆ ಮರದ ಕೆಲಸ ಕಲಿಸಿದವನು ಅವನೇ. ಅಣ್ಣತಮ್ಮಂದಿರು ನನಗಿಲ್ಲ. ಅದಕ್ಕೆ ಅಪ್ಪ ಅಳಿಯನನ್ನು ಇಲ್ಲಟಕ್ಕೆ ತಂದ. ಅಂದರೆ ಮದುವೆಯಾಗಿ ನಾನು ಮನೆ ಬಿಟ್ಟು ಹೋಗಲಿಲ್ಲ, ನನ್ನ ಗಂಡನೇ ನಮ್ಮ ಮನೆಗೆ ಬಂದರು. ಅಪ್ಪನ ನಂತರ ಬಿಲ್ಲು ಅಳಿಯನ ಕೈಗೆ ಅಂತ ಊರವರೆಲ್ಲ ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡಿಕೊಂಡಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ವಿಜಯದಶಮಿಯಲ್ಲಿ ಪೂಜಾರಿ ಎಳೆಯುತ್ತಿದ್ದ ಹಾಗೇ ತಾತನ ಬಿಲ್ಲು ಎರಡು ತುಂಡಾಯಿತು. ಅಂಬು ಅವರ ಕಾಲ ಬುಡದಲ್ಲೇ ಬಿತ್ತು. ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು. ಕೊನೆಗೆ ಅಂಬನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ ದಿಂಡಿಗೆ ಚುಚ್ಚಿ ಶಾಸ್ತ್ರ ಮುಗಿಸಿದರು. ಅಪ್ಪ ಎರಡು ತುಂಡನ್ನೂ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ಅವತ್ತು ಹೋಳಿಗೆ ಮಾಡಿದ್ದೆ, ಮುಟ್ಟಲಿಲ್ಲ.

ಮಾರನೇ ವಾರ ಡೈರಿಯಲ್ಲಿ ಹಾಲು ಹಾಕಲು ನಿಂತಿದ್ದಾಗ ಗೌಡರು ಮಾತೆತ್ತಿದರು. ಊರ ಲೆಕ್ಕದಲ್ಲಿ ಅವರು ನನಗೆ ದೊಡ್ಡಪ್ಪ ಆಗಬೇಕು.

"ಬೆಂಗ್ಳೂರಾಗೆ ಸಿಕ್ತದಂತೆ ಕಣಮ್ಮ, ಫೈಬರ್ ಬಿಲ್ಲು. ಮುರಿಯೋ ಮಾತೇ ಇಲ್ಲ. ದೇವಸ್ತಾನದಾಗೇ ಇಡಾನ. ನಿಮ್ಮನೇಗೂ ಕಾಯೋ ತಲೆನೋವು ತಪ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಿಲ್ಲಿಲ್ಲದ ಮೇಲೆ ಬಿಲ್ಲಿನ ಮನೆ ಎಲ್ಲಿಯದು? "ದ್ಯಾವ್ರು ಫೈಬರ್ ಬಿಲ್ಲು ಇಡ್ಕಂಡು ಬೇಟೆಗೆ ಓಯ್ತಾನಾ ದೊಡ್ಡಪ್ಪ?" ಅಂದೆ.

"ಮತ್ತೆ ಯಾರು ಮಾಡ್ತಾರೆ? ನಿಮ್ಮಪ್ಪಂಗೆ ಕೈ ನಡುಗ್ತದೆ. ನಿನ್ ಗಂಡ..." ಅಂದವರು ಅಷ್ಟಕ್ಕೇ ನಿಲ್ಲಿಸಿದರು. ನನ್ನ ಗಂಡ ಅಲ್ಲೇ ವ್ಯಾನಿಗೆ ಕ್ಯಾನು ಏರಿಸುತ್ತಿದ್ದರು. ಗೌಡರು ಹೇಳದೆ ಬಿಟ್ಟದ್ದಕ್ಕೆ ಇವರೇ ನಕ್ಕುಬಿಟ್ಟರು.

"ನಾನು ಮಾಡ್ತೀನಿ," ಅಂದೆ. "ಆದ್ರೆ ಒಂದು ಮಾತು. ಮಾಡಿದ್ಮೇಲೆ ಬಿಲ್ಲು ನನ್ ಕೈಗೇ ಕೊಡ್ಬೇಕು. ಅಪ್ಪನ ಕೈಗೂ ಅಲ್ಲ, ಇವ್ರ ಕೈಗೂ ಅಲ್ಲ."

"ಎಣ್ಮಕ್ಳ ಕೈಗೆ ಯಾವತ್ತೂ ಕೊಟ್ಟಿಲ್ವಲ್ಲಮ್ಮ."

"ಎಣ್ಮಕ್ಳು ಯಾವತ್ತೂ ಮಾಡೂ ಇಲ್ವಲ್ಲ."

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಗೌಡರು ಕ್ಯಾನು ಎತ್ತಿಕೊಂಡು, "ಮೊದ್ಲು ಮಾಡು, ಆಮೇಲೆ ನೋಡಾನ," ಅಂದು ಹೊರಟರು. ಸೋತರೆ ಆ ಸಾಲಿನಲ್ಲಿ ಮತ್ತೆ ತಲೆ ಎತ್ತಿ ನಿಲ್ಲುವ ಹಾಗಿರಲಿಲ್ಲ. ಸೋಲುತ್ತೇನೆ ಅಂತ ನನಗೇನೂ ಅನ್ನಿಸಲಿಲ್ಲ.

ಮರ ಯಾವುದು ಅನ್ನುವುದಕ್ಕೆ ಯೋಚನೆ ಬೇಕಿರಲಿಲ್ಲ. ತಾತನ ಬಿಲ್ಲು ತಡಸಲು ಮರದ್ದು. ಕೊಡಲಿ ಕಾವಿಗೂ ಅದೇ ಒಳ್ಳೆಯದು, ಎಷ್ಟು ಏಟು ತಿಂದರೂ ತಡೆದುಕೊಳ್ಳುತ್ತದೆ. ನಮ್ಮ ಹೊಲದ ಬದುವಿನಲ್ಲೇ ಒಂದು ಮರವಿದೆ. ಮಾಗಿಯಲ್ಲಿ ಎಲೆ ಉದುರಿದ ಮೇಲೆ ಅದರ ನೆಟ್ಟಗಿನ ಒಂದು ಕೊಂಬೆ ಕಡಿದೆ. ಗರಗಸ ಹಾಕಲಿಲ್ಲ. ಬೆಣೆ ಹೊಡೆದು ನಡುವೆ ಸೀಳಿದೆ. ಸೀಳಿದರೆ ನಾರು ತಾನು ಹೋಗುವ ದಾರಿಯಲ್ಲೇ ಹೋಗುತ್ತದೆ, ಗರಗಸ ಅದನ್ನು ಅಡ್ಡಡ್ಡ ಕತ್ತರಿಸಿಬಿಡುತ್ತದೆ. ಎರಡು ಹೋಳು ಬಂದವು. ತುದಿಗಳು ಬಿರಿಯದ ಹಾಗೆ ಸಗಣಿ ಮೆತ್ತಿ, ದನದ ಕೊಟ್ಟಿಗೆಯ ಅಟ್ಟದ ಮೇಲೆ ನೆರಳಿಗೆ ಹಾಕಿದೆ. ಬೇಸಿಗೆ ಕಳೆಯಿತು. ಡೈರಿಯಲ್ಲಿ ಯಾರಾದರೂ, "ಬಿಲ್ಲು ಎಲ್ಲಿಗೆ ಬಂತಮ್ಮ?" ಅಂದರೆ, "ಒಣಗ್ತೈತೆ. ನೀನು ಒಣಗ್ಬೇಡ," ಅನ್ನುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಹೋಳು ಇಳಿಸಿ ಕೆಲಸ ಶುರು ಮಾಡಿದೆ. ಬಾಚಿಯಲ್ಲಿ ಒರಟು ತೆಗೆದು, ಕೀಸುಳಿ ಹಿಡಿದು, ಕಾವಿಗೆ ಹೇಗೋ ಹಾಗೆ ಸುತ್ತಲೂ ಒಂದೇ ಸಮ ನುಣ್ಣಗೆ ಮಾಡಿದೆ. ನಡುವೆ ಹಿಡಿ ದಪ್ಪ, ತುದಿಗಳು ಸಣ್ಣ. ನೋಡಿದವರು ಕೈಯಲ್ಲಿ ಸವರಿಯೇ ವಾಪಸು ಕೊಡುತ್ತಿದ್ದರು. ಕತ್ತಾಳೆ ನಾರು ಹೊಸೆದು ಹೆದೆ ಮಾಡಿದವನು ಅಪ್ಪ. ಕೈ ನಡುಗಿದರೂ ನಾರು ಹೊಸೆಯುವಾಗ ಅವನ ಬೆರಳು ತಪ್ಪುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಮರದ ಬಗ್ಗೆ ಅಪ್ಪ ನನಗೆ ಕಲಿಸಿದ ಮೊದಲ ಪಾಠ, ಮಾತಾಡುವ ಮರವೇ ಒಳ್ಳೆಯ ಮರ ಅಂತ. ಸುರಂಗದಲ್ಲಿ ಮೇಲಿನ ಬಂಡೆ ಕುಸಿಯುವ ಮೊದಲು ಕೆಳಗಿನ ಕಂಬ ಟಿಕ್ ಟಿಕ್ ಅನ್ನುತ್ತದಂತೆ, ಆಮೇಲೆ ಕಿರ್ ಅನ್ನುತ್ತದಂತೆ. ಸದ್ದು ಮಾಡದೆ ಮುರಿಯುವ ಮರವನ್ನು ಗಣಿಯವರು ಒಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕ ಹೇಳಿದರೆ ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಮಾತಾಡುವ ಕಂಬದ ಕತೆ. ಅಂಗಡಿಯಲ್ಲೂ ಕಾವಿನ ಮರವನ್ನು ಮೊಣಕಾಲಿಗೆ ಕೊಟ್ಟು ಒತ್ತಿ, ಒಂದು ಸಣ್ಣ ಸದ್ದು ಬಂದರೆ ಮಾತ್ರ ಇಟ್ಟುಕೊಳ್ಳುವುದು ನಮ್ಮ ಪದ್ಧತಿ.

ಬಿಲ್ಲಿಗೆ ಹೆದೆ ಏರಿಸಿ ಅಂಗಳದಲ್ಲಿ ನಿಂತು ಮೆಲ್ಲಗೆ ಎಳೆದೆ. ಟಿಕ್ ಅಂತು. ಇನ್ನೂ ಸ್ವಲ್ಪ ಎಳೆದೆ. ಮತ್ತೆ ಟಿಕ್ ಟಿಕ್. ನನಗಾದ ಖುಷಿ ಅಷ್ಟಿಷ್ಟಲ್ಲ. ಜಗಲಿಯ ಮೇಲೆ ಕೂತಿದ್ದ ಅಪ್ಪನ ಕಿವಿಗೆ ಬಾಗಿ, "ಅಪ್ಪಾ, ಮಾತಾಡ್ತೈತೆ!" ಅಂತ ಕೂಗಿದೆ. ಅವನ ಮುಖ ಅರಳಿತು. "ಅಂಗಂದ್ರೆ ಎದರಬ್ಯಾಡ, ಎಳಿ!" ಅಂದ. ಎದೆಯವರೆಗೂ ಎಳೆದೆ.

ಪಟಾರ್ ಅಂತ ಮೇಲಿನ ಅರ್ಧ ಹಾರಿ ಕೊಟ್ಟಿಗೆಯ ಶೀಟಿನ ಮೇಲೆ ಬಿತ್ತು. ಹಸು ಬೆದರಿ ಗೂಟ ಕಿತ್ತುಕೊಂಡು ಓಡಿತು. ಕೆಳಗಿನ ಅರ್ಧ ನನ್ನ ಕೈಯಲ್ಲೇ ಇತ್ತು, ಹೆದೆ ಕಾಲಿಗೆ ಸುತ್ತಿಕೊಂಡಿತ್ತು. ಮೊದಲು ಹಸು ಹಿಡಿದು ತಂದೆ. ಆಮೇಲೆ ಕೈಯಲ್ಲಿದ್ದ ತುಂಡನ್ನು ಒಲೆಯ ಸೌದೆಗೆ ಎಸೆದೆ. ಸಂಜೆ ನನ್ನ ಗಂಡ ಬಂದು ಶೀಟಿನ ಮೇಲಿನ ತುಂಡು ಇಳಿಸಿ ನೋಡಿ, "ಬೆಂಗ್ಳೂರ್ದೇ ತರ್ಸಾನ್ವಾ?" ಅಂದರು. ಅವತ್ತು ಅವರಿಗೆ ಬೆಳಗಿನ ತಂಗಳು ಮುದ್ದೆಯೇ ಗತಿಯಾಯಿತು. ತಪ್ಪು ಅವರದಲ್ಲ, ನನಗೆ ಗೊತ್ತು. ಆದರೆ ಕೋಪ ಬಂದಾಗ ಎದುರಿಗೆ ಸಿಕ್ಕವರೇ ಅದನ್ನು ಉಣ್ಣಬೇಕು.

ಉಳಿದದ್ದು ಒಂದೇ ಹೋಳು. ಅದೂ ಹೋದರೆ ಆ ವರ್ಷಕ್ಕೆ ಬೇರೆ ಮರ ಒಣಗುವುದಿಲ್ಲ, ಗೌಡರ ಫೈಬರ್ ಬಿಲ್ಲು ಬಂದೇ ಬರುತ್ತಿತ್ತು. ಎಲ್ಲಿ ತಪ್ಪಿದೆ ಅಂತ ನನಗೆ ತಿಳಿಯಲಿಲ್ಲ. ಮರ ಒಳ್ಳೆಯದು, ಒಣಗಿದ್ದೂ ಸರಿಯಾಗಿ, ಮಾತೂ ಆಡಿತ್ತು. ಇನ್ನೇನು ಬೇಕಿತ್ತು ಅದಕ್ಕೆ?

ಮೂರನೇ ದಿನ ಊಟಕ್ಕೆ ಕೂತ ಅಪ್ಪ ಮುದ್ದೆ ಮುರಿಯುತ್ತಾ ಇದ್ದಕ್ಕಿದ್ದಂತೆ ಅಂದ: "ಆ ಮರಗಳೆಲ್ಲ ಮುರಿದೋದ್ವು ಕಣಮ್ಮ."

"ಯಾವ ಮರ?"

"ಸುರಂಗದ್ವು. ಮಾತಾಡಿದ್ ಮರ ಒಂದೂ ಉಳೀಲಿಲ್ಲ. ಮಾತಾಡ್ತು ಅಂತ ನಾವು ಓಡ್ತಿದ್ವಿ. ಉಳಿದೋರು ನಾವು, ಮರ ಅಲ್ಲ."

ಎಷ್ಟು ವರ್ಷದಿಂದ ಕೇಳಿದ ಕತೆ ಅದು! ಕಂಬ ಮಾತಾಡಿತು, ಎಲ್ಲರೂ ಓಡಿದರು, ಬದುಕಿದರು, ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆ ಕಂಬ ಏನಾಯಿತು ಅಂತ ನಾವಿಬ್ಬರೂ ಒಮ್ಮೆಯೂ ಯೋಚಿಸಿರಲಿಲ್ಲ. ಟಿಕ್ ಅಂದದ್ದು ಮರದ ಒಳಗಿನ ನಾರು ಹರಿದ ಸದ್ದು. ಸುರಂಗದಲ್ಲಿ ಅದು ಓಡಿ ಅನ್ನುವ ಎಚ್ಚರಿಕೆ. ಬಿಲ್ಲಿನಲ್ಲಿ ಯಾರು ಎಲ್ಲಿಗೆ ಓಡುವುದು? ಇಲ್ಲಿ ಉಳಿಯಬೇಕಾದದ್ದು ಮರವೇ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಬಿಲ್ಲಿಗೂ ಸರಿಯೇ. ಗಣಿಯಲ್ಲಿ ಬದುಕಿದವನ ಮನೆಯಲ್ಲಿ ಹುಟ್ಟಿದವಳಿಗಲ್ಲದೆ ಬೇರೆ ಯಾರಿಗೂ, ಬಿಲ್ಲಿನ ನಾರು ಹರಿಯುವ ಸದ್ದು ಕೇಳಿ ಸಂತೋಷವಾಗುತ್ತಿರಲಿಲ್ಲ. ನನಗೆ ನಗು ಬಂತು. ಅಪ್ಪನೂ ನಕ್ಕ, ನೆತ್ತಿಗೆ ಹತ್ತಿ ಕೆಮ್ಮಿದ.

ಊಟ ಬಿಟ್ಟು ಎದ್ದು ಮುರಿದ ತುಂಡುಗಳನ್ನು ಹುಡುಕಿ ಬೆಳಕಿಗೆ ಹಿಡಿದು ನೋಡಿದೆ. ಮುರಿದದ್ದು ಹೊರಮೈಯಿಂದ. ಮರದ ಸಿಪ್ಪೆಯ ಕೆಳಗಿರುವ, ಬಗ್ಗಿದಾಗ ಎಳೆತ ತಿನ್ನುವ ಮೈ ಅದು. ಕಾವಿನ ಅಭ್ಯಾಸದಲ್ಲಿ ನಾನು ಅದನ್ನೂ ಕೀಸಿ ನುಣ್ಣಗೆ ಮಾಡಿದ್ದೆ. ಚೆಂದಕ್ಕೆ ಅಂತ ನಾರನ್ನೇ ಕತ್ತರಿಸಿದ್ದೆ. ಕಾವು ಬಗ್ಗುವುದಿಲ್ಲ, ಹಾಗಾಗಿ ಅದು ಎಲ್ಲವನ್ನೂ ಕ್ಷಮಿಸುತ್ತದೆ.

ಎರಡನೇ ಹೋಳಿನ ಹೊರಮೈಗೆ ನಾನು ಕಬ್ಬಿಣ ತಾಗಿಸಲಿಲ್ಲ. ಸಿಪ್ಪೆಯನ್ನು ಉಗುರಿನಲ್ಲಿ, ಬಿದಿರು ಸೀಳಿನಲ್ಲಿ ಬಿಡಿಸಿದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುವುದು ನಮ್ಮ ಕಸುಬಿನವರಿಗೇ ಮೊದಲು ಹೇಳಬೇಕಾದ ಮಾತು. ಒಳಮೈಯಿಂದ ಮಾತ್ರ ಮರ ತೆಗೆದೆ. ಮೊದಲು ಬಾಚಿ, ಆಮೇಲೆ ಅರ, ಕೊನೆಗೆ ಒಡೆದ ಗಾಜಿನ ಚೂರು. ಗಾಜಿನಲ್ಲಿ ಹೆರೆದರೆ ತೆಂಗಿನ ತುರಿಗಿಂತ ಸಣ್ಣ ಹೊಟ್ಟು ಬರುತ್ತದೆ.

ಬಗ್ಗಿಸುವುದನ್ನೂ ಆತುರ ಮಾಡಲಿಲ್ಲ. ಕೊಟ್ಟಿಗೆಯ ಕಂಬದ ಕವೆಗೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ದೂರ ನಿಂತು ಒಂದು ಗೇಣು ಎಳೆಯುವುದು, ಬಿಡುವುದು. ಅಪ್ಪ ಎದುರಿಗೆ ಮಣೆಯ ಮೇಲೆ ಕೂತು ಬಾಗು ನೋಡುತ್ತಿದ್ದ. ಎರಡು ಕಡೆಯೂ ಒಂದೇ ಸಮ ಬಾಗಬೇಕು. ಒಂದು ಕಡೆ ಬಿಗಿ ಇದ್ದರೆ ಅದರ ಭಾರವನ್ನೂ ಇನ್ನೊಂದು ಕಡೆ ಹೊರಬೇಕಾಗುತ್ತದೆ, ಸಾಯುತ್ತದೆ. ಬಂಡೆಯ ಭಾರ ಯಾವ ಕಂಬದ ಮೇಲೆ ಬೀಳುತ್ತಿದೆ ಅಂತ ನೋಡಿ ನೋಡಿ ಪಳಗಿದ ಕಣ್ಣು ಅಪ್ಪನದು. "ಬಲಗಡೆ ಮೊಣಕೈ ಅತ್ರ ಇನ್ನೂ ನಿದ್ದೆ ಮಾಡ್ತೈತೆ, ಎಬ್ಬಿಸು," ಅನ್ನುತ್ತಿದ್ದ. ಬಾಗದೆ ಬಿಗಿಯಾಗಿದ್ದ ಆ ಜಾಗಕ್ಕೆ ಗಾಜು ಹಿಡಿದು ಹೆರೆಯುತ್ತಿದ್ದೆ. ಮತ್ತೆ ಎಳೆಯುವುದು. ನಾನು ಕಿವಿಯಲ್ಲಿ ಕಾಯುತ್ತಿದ್ದೆ, ಅವನು ಕಣ್ಣಲ್ಲಿ. ಒಂದೊಂದು ದಿನ ಅಂಗಡಿ ಬಾಗಿಲು ತೆರೆಯದ್ದಕ್ಕೆ ಗಿರಾಕಿಗಳು ಫೋನ್ ಮಾಡಿ ಬೈದರು. ಬೈಯಿಸಿಕೊಂಡೆ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬಿಲ್ಲನ್ನು ಎದೆಯವರೆಗೆ ಎಳೆದೆ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಎಳೆದೆ, ಗಲ್ಲದವರೆಗೆ. ಹೆದೆ ಬಿಗಿದದ್ದು ಬೆರಳಿಗೆ ತಿಳಿಯಿತು, ಮರ ತೆಪ್ಪಗಿತ್ತು. "ಏನಂತದೆ?" ಅಂತ ಅಪ್ಪ ಕೇಳಿದ. ನಾನು ತಲೆಯಾಡಿಸಿ, ಏನೂ ಅನ್ನುವುದಿಲ್ಲ ಅಂತ ಕೈಸನ್ನೆ ಮಾಡಿದೆ. ಬಿಲ್ಲು ಆಯಿತು ಅಂತ ನಮ್ಮಿಬ್ಬರಿಗೂ ಆಗ ಗೊತ್ತಾಯಿತು. ಹರಳೆಣ್ಣೆ ಸವರಿ ಬಿಸಿಲು ತಾಗದ ಕಡೆ ನಿಲ್ಲಿಸಿದೆ.

ವಿಜಯದಶಮಿಯ ಸಂಜೆ ಬನ್ನಿಮರದ ಹತ್ತಿರ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಬಿಲ್ಲು ನಿಲ್ಲುವುದನ್ನು ನೋಡಲು ಬಂದವರೆಷ್ಟೋ, ಮುರಿಯುವುದನ್ನು ನೋಡಲು ಬಂದವರೆಷ್ಟೋ. ಹಿಂದಿನ ವರ್ಷದ ಭಯಕ್ಕೆ ಪೂಜಾರಿ ಅದನ್ನು ಅರ್ಧಕ್ಕೇ ಎಳೆದು ನಿಂತರು. "ಎಳೀರಿ ಸ್ವಾಮಿ, ಮುರಿದ್ರೆ ನನ್ ತಲೆ ಮೇಲೆ," ಅಂತ ಹಿಂದಿನಿಂದ ಕೂಗಿದೆ. ಎಳೆದರು. ಆ ಜನದ ನಡುವೆ ನಾನು ಕಿವಿಗೊಟ್ಟದ್ದು ಒಂದಕ್ಕೇ. ಟಿಕ್ ಅನ್ನಲಿಲ್ಲ. ಅಂಬು ಹೋಗಿ ಬಾಳೆದಿಂಡಿನ ಆಚೆ ಬದಿಗೆ ಮೂತಿ ಹಾಕಿತು. ಜನ ಗೋವಿಂದ ಅಂತ ಕೂಗಿದರು, ತಮಟೆ ಶುರುವಾಯಿತು.

ಗೌಡರು ಪೂಜಾರಿಯ ಕೈಯಿಂದ ಬಿಲ್ಲು ಇಸಿದುಕೊಂಡು, ವೀಳ್ಯದೆಲೆ ಅಡಿಕೆ ಇಟ್ಟು ಮುಂದೆ ಬಂದರು. ನಾನು ಸೆರಗು ಸರಿಮಾಡಿಕೊಂಡೆ. ಅವರು ನನ್ನನ್ನು ದಾಟಿ ಅಪ್ಪನ ಮುಂದೆ ಹೋಗಿ ನಿಂತು ಬಿಲ್ಲು ಚಾಚಿದರು. ಅಭ್ಯಾಸಬಲವೋ, ಬೇಕೆಂದೇ ಮಾಡಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಊರೆಲ್ಲ ಕೇಳುವ ಹಾಗೆ ಡೈರಿಯ ಮಾತನ್ನು ನೆನಪಿಸಬೇಕು ಅಂತ ಬಾಯಿ ತೆರೆಯುತ್ತಿದ್ದೆ.

ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಕೇಳಿಸಲಿಲ್ಲವೇನೋ ಅಂತ ಗೌಡರು ಅವನ ಬಲಗಿವಿಗೆ ಬಾಗಿ, "ತಗಳಪ್ಪಾ!" ಅಂತ ಕೂಗಿದರು.

"ಕೇಳಿಸ್ತು," ಅಂದ ಅಪ್ಪ. ಕೈ ಮುಂದೆ ತರಲಿಲ್ಲ.

ಗೌಡರು ನನ್ನ ಗಂಡನ ಕಡೆ ತಿರುಗಿದರು. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅವರ ಹಿಂದೆ ನಿಂತಿದ್ದ ನಾನು ಗೌಡರ ಎದುರಾದೆ. ತಮಟೆಯವರೂ ಬಡಿಯುವುದನ್ನು ನಿಲ್ಲಿಸಿದರು.

"ನಾನು ಕಾದೋನು ಅಷ್ಟೆಯ," ಅಂತ ಅಪ್ಪ ಹೇಳಿದ. ಕಿವಿ ಕೇಳಿಸದವರ ಜೋರು ದನಿ, ಕೊನೆಯಲ್ಲಿ ನಿಂತವರಿಗೂ ಕೇಳಿಸಿತು. "ಮಾಡಿದೋಳು ಅಲ್ಲಿ ಅವ್ಳೆ ನೋಡು. ಅವಳ್ ಕೈಗೆ ಕೊಡಪ್ಪ."

ಗೌಡರು ಜಾರಿದ್ದ ಎಲೆಯನ್ನು ಸರಿಯಾಗಿ ಇಟ್ಟು, "ಇಡ್ಕಳಮ್ಮ. ಮುಂದಿನ ವರ್ಸ ತತ್ತಾ," ಅಂದು ನನ್ನ ಕೈಗೆ ಕೊಟ್ಟರು. ಅಳು ಬಂತು, ಅತ್ತೆ. ಜಂಬದವರು ಅಳಬಾರದು ಅಂತ ಎಲ್ಲೂ ಇಲ್ಲವಲ್ಲ.

ಮನೆಗೆ ಬರುವಾಗ ಬಿಲ್ಲು ನನ್ನ ಹೆಗಲ ಮೇಲಿತ್ತು. ಅಪ್ಪ ಬರಿಗೈ ಬೀಸಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಸ್ವಲ್ಪ ದೂರ ಬಂದ ಮೇಲೆ ನಿಂತು ಬಿಲ್ಲಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ.

"ಇಡಿ ಒಂಚೂರು ದಪ್ಪ ಆಯ್ತು ಕಣಮ್ಮ. ಮುಂದಿನ್ ಸಲ ಸಣ್ಣ ಮಾಡು."

ತಾತ ಮಾಡಿದ ಬಿಲ್ಲು ಅಪ್ಪನ ಆಯುಸ್ಸಿನಷ್ಟು ಬಾಳಿತ್ತು. ನನ್ನದೂ ಅಷ್ಟೇ ಬಾಳುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಇನ್ನೊಂದು ಬಿಲ್ಲು ಮಾಡುವ ಮುಂದಿನ ಸಲ ಬರುವ ಹೊತ್ತಿಗೆ ದಪ್ಪವೋ ಸಣ್ಣವೋ ಅಂತ ಹಿಡಿದು ನೋಡಲು ಅಪ್ಪ ಇರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನ ಬಲಗಿವಿಯ ಹತ್ತಿರ ಬಾಗಿ, "ಆಯ್ತಪ್ಪಾ, ಸಣ್ಣ ಮಾಡ್ತೀನಿ!" ಅಂತ ಕೂಗಿ ಹೇಳಿದೆ.